ಅಟ್ಟ ತೋರಿಸಿದ ಊರು

೩ ಆಗಸ್ಟ್ ೧೯೭೯

ಬೆಳಿಗ್ಗೆ ತೋಟಕ್ಕೆ ಹೋದರೆ ಅಪ್ಪ ನೆಟ್ಟ ತೆಂಗಿನ ಸಾಲಿನ ಉದ್ದಕ್ಕೂ ಗೂಟ ಹೊಡೆದಿದ್ದಾರೆ. ಮೊಣಕಾಲೆತ್ತರದ ಗೂಟಗಳು, ಎಲ್ಲಕ್ಕೂ ತಲೆಯ ಮೇಲೆ ಕೆಂಪು ಬಣ್ಣ. ಯಜಮಾನ ನಾನು ಗಟ್ಟಿಮುಟ್ಟಾಗಿ ಬದುಕಿರುವಾಗಲೇ, ಒಂದು ಮಾತು ಕೇಳದೆ ನನ್ನ ತೋಟಕ್ಕೆ ಕುಂಕುಮ ಇಟ್ಟು ಹೋದವರು ಯಾರು ಎಂದು ಮೈಯೆಲ್ಲ ಉರಿದುಹೋಯಿತು.

ಬೇಲಿಯಾಚೆ ಕುರಿ ಮೇಯಿಸುತ್ತಿದ್ದ ಹಟ್ಟಿಯ ಚಿತ್ತಣ್ಣನನ್ನು ಕೂಗಿ ಕೇಳಿದೆ. ಅವನಿಗೆ ಎಲ್ಲ ಗೊತ್ತಿತ್ತು. ತಿಪಟೂರಿನಿಂದ ನಮ್ಮ ಹಂದನಕೆರೆ ಮೇಲೆ ಹಾಯ್ದು ಚಿಕ್ಕನಾಯಕನಹಳ್ಳಿಗೆ ರೈಲು ಹಾಕಬೇಕೆಂದು ಸರ್ವೆ ನಡೆಯುತ್ತಿದೆಯಂತೆ. ನಿನ್ನೆ ನಾನು ತಿಪಟೂರಿಗೆ ಹೋಗಿದ್ದಾಗ ಬಂದು ಹೊಡೆದು ಹೋಗಿದ್ದಾರೆ.

"ಎಂಜಿನ್ನು ನಿಮ್ ತೋಟದಾಗೇ ಹಾಯ್ದೋಯ್ತದಂತೆ. ಪುಣ್ಯವಂತ್ರು ಬುಡಿ" ಎಂದ.

ಪುಣ್ಯವಂತರಂತೆ! ಮೊದಲನೇ ಗೂಟವನ್ನು ಅಲ್ಲಾಡಿಸಿ ಕಿತ್ತು ಮನೆಗೆ ತಂದು ನೀರೊಲೆಗೆ ಹಾಕಿದೆ. ನನ್ನ ಹೆಂಡತಿ ಕಲ್ಲಮ್ಮ ಓಡಿ ಬಂದು ಅದನ್ನು ಎಳೆದು ನೀರು ಸುರಿದಳು. ಸರ್ಕಾರದ ಗೂಟ ಸುಟ್ಟರೆ ನಾಳೆ ಯಾರು ಉತ್ತರ ಹೇಳುವವರು ಎಂದು ಬೈದಳು. ಒಂದು ತುದಿ ಕಪ್ಪಗಾದ ಗೂಟ ಈಗ ಬಚ್ಚಲ ಮೂಲೆಯಲ್ಲಿ ಹೊಗೆಯಾಡುತ್ತಾ ಬಿದ್ದಿದೆ, ನನ್ನ ಹಾಗೆಯೇ.

ತಿಪಟೂರಿನ ಕೊಬ್ಬರಿ ಮಂಡಿಯವರು ಹೊಸ ವರ್ಷಕ್ಕೆ ಕೊಟ್ಟ ಈ ಡೈರಿಯಲ್ಲಿ ಇದುವರೆಗೆ ಮಳೆ ಬಂದದ್ದು, ಹಸು ಕರು ಹಾಕಿದ್ದು ಬಿಟ್ಟರೆ ಏನೂ ಬರೆದಿರಲಿಲ್ಲ. ಇವತ್ತು ಹೊಟ್ಟೆಯುರಿ ಇಳಿಸಲು ಬರೆದೆ. ಇಳಿಯಲಿಲ್ಲ.

೭ ಆಗಸ್ಟ್

ಸರ್ವೆಯವರು ಮತ್ತೆ ಬಂದರು. ಜಗಳಕ್ಕೆ ಸಿದ್ಧನಾಗಿಯೇ ಹೋದೆ. ವೇದಾಚಲಂ ಎಂದು ಒಬ್ಬ ರೈಲ್ವೆ ಎಂಜಿನಿಯರು, ತಮಿಳರು, ತೆಳ್ಳಗೆ, ಬಿಸಿಲಿಗೆ ಕರಕಲಾದ ಮನುಷ್ಯ. ಗೂಟ ಕಿತ್ತವರು ಯಾರು ಎಂದು ಕೇಳಲೇ ಇಲ್ಲ. ಇನ್ನೊಂದು ಗೂಟ ಹೊಡೆಸಿದರು. ಜಗಳ ಆಡಲು ಬಂದವನಿಗೆ ಎದುರಾಳಿ ಸಿಗದಿದ್ದರೆ ಎಂಥ ಪೇಚು!

ಮೂರು ಕಾಲಿನ ದುರ್ಬೀನು ಇಟ್ಟುಕೊಂಡು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ನಾನು ಬಿಡದೆ ಪಕ್ಕದಲ್ಲೇ ನಿಂತಿದ್ದೆ. "ನೋಡ್ರಿ ಯಜಮಾನ್ರೇ" ಎಂದು ಸರಿದು ಜಾಗ ಕೊಟ್ಟರು.

ನೋಡಿದೆ. ನನ್ನ ತೋಟ ತಲೆಕೆಳಗಾಗಿ ನಿಂತಿತ್ತು. ಆಕಾಶ ಕೆಳಗೆ, ನೆಲ ಮೇಲೆ. ಅಪ್ಪನ ಸಾಲಿನ ಮರಗಳು ನೆಲದಿಂದ ಕೆಳಕ್ಕೆ ಇಳಿಬಿದ್ದು, ಗರಿಗಳು ಬೆಳಕಿನಲ್ಲಿ ಅದ್ದಿದ್ದವು. ಒಂದೊಂದು ಕಾಯಿಯೂ ಕಾಣುತ್ತಿತ್ತು. ಹುಟ್ಟಿದಾಗಿನಿಂದ ನೋಡಿದ ಮರಗಳು, ಇವತ್ತೇ ಮೊದಲು ನೋಡಿದ ಹಾಗಾಯಿತು. ಬಾಯಿ ತೆರೆದದ್ದು ಮುಚ್ಚಲು ಮರೆತಿದ್ದೆ. ಸರ್ವೆಯ ದುರ್ಬೀನು ಹಾಗೇ ತೋರಿಸುತ್ತದೆ, ಅಭ್ಯಾಸವಾಗುತ್ತದೆ ಎಂದರು ವೇದಾಚಲಂ. ನನಗೆ ಅಭ್ಯಾಸ ಆಗುವುದು ಬೇಡ.

ಆಮೇಲೆ ನೆರಳಲ್ಲಿ ಕೂತು ಎಳನೀರು ಕುಡಿಯುತ್ತಾ ಅವರೇ ವಿಷಯ ಹೇಳಿದರು. ಹಂದನಕೆರೆಯಿಂದ ಚಿಕ್ಕನಾಯಕನಹಳ್ಳಿಗೆ ಹೋಗುವಾಗ ಗುಡ್ಡ ಕಡಿಯಬೇಕು, ಅದಕ್ಕೆ ವಿಪರೀತ ಖರ್ಚು. ಇಲ್ಲಿಂದ ಸಾಗಿಸಲು ಸಾಕಷ್ಟು ಸರಕು ಇದೆ ಎಂದು ತೋರಿಸಿದರೆ ಮಾತ್ರ ಮೇಲಿನವರು ಒಪ್ಪುತ್ತಾರೆ. ಸರಕಿಲ್ಲದಿದ್ದರೆ ಈ ಗೂಟಗಳು ಗೂಟಗಳಾಗಿಯೇ ಉಳಿಯುತ್ತವೆ.

ಅವರಿಗೆ ಎಳನೀರು ಕೊಟ್ಟಿದ್ದು ಅತಿಥಿ ಎಂದು. ಒಪ್ಪಿಗೆ ಎಂದಲ್ಲ.

೧೯ ಆಗಸ್ಟ್

ಹಾಲಸ್ವಾಮಿ ಬಂದಿದ್ದ. ತೋಟವಿದ್ದರೂ ನಮ್ಮೂರ ಬಸ್ಸು ನಿಲ್ಲುವ ಕಡೆ ಸೈಕಲ್ ರಿಪೇರಿ ಅಂಗಡಿ ಇಟ್ಟಿರುವವನು. ಈ ರೈಲಿನ ಹುಚ್ಚು ಹತ್ತಿಸಿದವನೇ ಅವನು. ರೈಲು ಹೋರಾಟ ಸಮಿತಿ ಎಂದು ಕಟ್ಟಿ, ಬೆಂಗಳೂರಿನ ಕಚೇರಿಗಳಿಗೆ ಅಲೆದೂ ಅಲೆದೂ ಸರ್ವೆ ತರಿಸಿದ್ದಾನೆ. ಪಂಕ್ಚರ್ ಹಾಕಿಸಲು ಹೋದವರಿಗೆ ರಟ್ಟಿನ ಮೇಲೆ ರೈಲು ದಾರಿ ಬರೆದು ತೋರಿಸುತ್ತಾನೆ. ಚಕ್ರ ಬಿಚ್ಚಿದ್ದು ಬಿಚ್ಚಿದ ಹಾಗೇ ಇರುತ್ತದೆ.

ಸಮಿತಿಗೆ ಸೇರಿ ಎಂದ. ನನ್ನ ತೋಟ ಸೀಳಿಕೊಂಡು ಹೋಗುವ ರೈಲಿಗೆ ನಾನೇ ಬಾಜಾ ಬಜಂತ್ರಿ ಊದಬೇಕೇನೋ ಎಂದೆ. ಅವನು ಬೇಸರ ಮಾಡಿಕೊಳ್ಳಲಿಲ್ಲ. ನಮ್ಮ ಕೊಬ್ಬರಿ ಗಾಡಿಯಲ್ಲಿ, ಲಾರಿಯಲ್ಲಿ ಕುಲುಕಾಡಿ ತಿಪಟೂರು ಸೇರಿದ ಮೇಲೆ ತಿಪಟೂರು ಕೊಬ್ಬರಿ ಎಂದು ಹೆಸರಾಗುತ್ತದೆ, ನಮ್ಮ ಊರಿದೆ ಎಂದೇ ಯಾರಿಗೂ ಗೊತ್ತಿಲ್ಲ ಎಂದ.

"ನಮ್ ಕಾಯಿಗೆ ನಮ್ಮೂರ್ ಹೆಸ್ರು ಬ್ಯಾಡ್ವಾ ಅಣ್ಣ?"

ಹೆಸರಿಗೇನು ಸಾರು ಮಾಡಿಕೊಂಡು ತಿನ್ನುತ್ತೀಯಾ ಎಂದು ಕಳಿಸಿಬಿಟ್ಟೆ. ಕಾಫಿ ಕೊಡಲು ಕಲ್ಲಮ್ಮ ಲೋಟ ಹಿಡಿದು ಬರುವಷ್ಟರಲ್ಲಿ ಅವನು ಬೀದಿ ದಾಟಿದ್ದ. ಅವಳು ಆ ಲೋಟವನ್ನು ನನ್ನ ಮುಂದೆ ಕುಕ್ಕಿದಳು.

೯ ನವೆಂಬರ್

ಇವತ್ತು ನಡೆದದ್ದನ್ನು ಬರೆಯದಿದ್ದರೆ ನಗು ಒಳಗೇ ಉಳಿದು ಅಜೀರ್ಣವಾದೀತು.

ಸರಕಿನ ಅಂದಾಜು ಬರೆದುಕೊಳ್ಳಲು ವೇದಾಚಲಂ ಬಂದಿದ್ದರು. ಹಾಲಸ್ವಾಮಿ ಮುಂದೆ ಮುಂದೆ ಮದುವಣಿಗನ ಹಾಗೆ ನಡೆದ. ಮನೆ ಮನೆಗೂ ಹೋಗಿ, ನಿಮ್ಮಲ್ಲಿ ಎಷ್ಟು ಕಾಯಿ ಇದೆ, ಎಷ್ಟು ಕೊಬ್ಬರಿ ಆಗುತ್ತದೆ ಎಂದು ಕೇಳಿದರು. ಪಾಪ, ಆ ತಮಿಳರಿಗೆ ಏನು ಗೊತ್ತು?

ನಮ್ಮ ಕಡೆ ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿಬಿಟ್ಟರೆ ವರ್ಷದ ಹತ್ತಿರ ಅದರ ಸುದ್ದಿಗೆ ಹೋಗುವುದಿಲ್ಲ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗಬೇಕು. ಅಲ್ಲಾಡಿಸಿದರೆ ಲೊಡಲೊಡ ಎನ್ನಬೇಕು. ಅಲ್ಲಿಯವರೆಗೆ ಅಟ್ಟವೆಂದರೆ ಬಸುರಿಯಿದ್ದ ಹಾಗೆ. ಪರರು ಹತ್ತಬಾರದು, ಕಣ್ಣು ಹಾಕಬಾರದು, ಎಷ್ಟಿದೆ ಎಂದು ಯಾರೂ ಕೇಳಬಾರದು, ಕೇಳಿದರೆ ಯಾರೂ ಹೇಳಬಾರದು. ಅಣ್ಣತಮ್ಮಂದಿರೂ ಹೇಳಿಕೊಳ್ಳುವುದಿಲ್ಲ. ನಮ್ಮೂರ ಆಂಜನಪ್ಪನೊಬ್ಬ ಮಾತ್ರ ಲೆಕ್ಕ ಹೇಳದೆಯೇ ಹೇಳುವ ಉಪಾಯ ಕಂಡುಕೊಂಡಿದ್ದಾನೆ. ನಮ್ಮ ಅಟ್ಟದ ಜಂತೆ ಭಾರಕ್ಕೆ ಬಾಗಿಹೋಗಿದೆ ಎಂದು ಹೋದಲ್ಲೆಲ್ಲ ಕೊರಗುತ್ತಾನೆ, ಮಗಳಿಗೆ ಗಂಡು ನೋಡುತ್ತಿದ್ದಾನಲ್ಲ.

ಸರಿ, ಮೊದಲ ಮನೆಯಿಂದಲೇ ಶುರುವಾಯಿತು. ಏನೂ ಇಲ್ಲ ಸ್ವಾಮಿ. ಮನೆ ಖರ್ಚಿಗೆ ಆದರೆ ಸಾಕು ಸ್ವಾಮಿ. ಈ ವರ್ಷ ಹುಳ ಬಿದ್ದು ಎಲ್ಲ ಹೋಯಿತು ಸ್ವಾಮಿ. ಹಾಲಸ್ವಾಮಿ ಕಣ್ಣು ಮಿಟುಕಿಸಿದ, ಕಾಲು ತುಳಿದ, ಕೈ ಮುಗಿದ. ಒಬ್ಬರ ಬಾಯಲ್ಲೂ ನಿಜ ಹೊರಡಲಿಲ್ಲ. ಜಂತೆಯ ಆಂಜನಪ್ಪನೂ ಅಧಿಕಾರಿಯ ಮುಂದೆ ಬಡವನಾದ. ನನ್ನ ಸರದಿ ಬಂದಾಗ ನಾನೂ ಏನೂ ಇಲ್ಲ ಎಂದೆ. ಉಳಿದವರು ಅಭ್ಯಾಸಕ್ಕೆ ಹೇಳಿದರು, ನಾನು ಉಪಾಯಕ್ಕೆ. ಸರಕು ಇಲ್ಲದಿದ್ದರೆ ರೈಲು ಇಲ್ಲ. ರೈಲು ಇಲ್ಲದಿದ್ದರೆ ಅಪ್ಪನ ಸಾಲಿಗೆ ಕೊಡಲಿ ಇಲ್ಲ.

ಕೊನೆಗೆ ಬಂದದ್ದು ಹಾಲಸ್ವಾಮಿಯ ಮನೆ. ಅವನ ಅಟ್ಟ ಹಂಚಿನವರೆಗೆ ತುಂಬಿದೆ ಎಂದು ಇಲಿಗೂ ಗೊತ್ತು. ವೇದಾಚಲಂ ಪೆನ್ನು ಹಿಡಿದು, ನಿಮ್ಮದು ಎಷ್ಟು ಸಾರ್ ಎಂದರು. ಊರೂರಲ್ಲಿ ಭಾಷಣ ಮಾಡಿದ ಹಾಲಸ್ವಾಮಿ ತನ್ನ ಹೊಸ್ತಿಲ ಮೇಲೆ ನಿಂತು, ತಲೆ ಕೆರೆದುಕೊಂಡು, "ಏನೋ... ಅಂಥಾದ್ದೇನಿಲ್ಲ ಸಾರ್" ಎಂದುಬಿಟ್ಟ.

ಹೇಳಿದ ಮೇಲೆ ಅವನ ಮುಖ ನೋಡಬೇಕಿತ್ತು.

೨೨ ಡಿಸೆಂಬರ್

ಗೆದ್ದೆ. ಹಂದನಕೆರೆ ಕಡೆ ಸರಕೇ ಇಲ್ಲ, ಇಷ್ಟು ಖರ್ಚಿಗೆ ಈ ದಾರಿ ತಕ್ಕುದಲ್ಲ ಎಂದು ವರದಿ ಹೋಗಲಿದೆಯಂತೆ. ಹಾಲಸ್ವಾಮಿ ಬೆಂಗಳೂರಿನಿಂದ ಬಂದವನು ನೇರ ನಮ್ಮ ಜಗಲಿಗೆ ಬಂದು ಕೂತ.

"ನನ್ ಬಾಯೇ ನಂಗೆ ಕೈ ಕೊಡ್ತು ಕಣಣ್ಣ" ಎಂದ. ಮುಖ ಎತ್ತಲಿಲ್ಲ. "ಬೇಕಂತ ಅಂದಿದ್ದಲ್ಲ. ತಂತಾನೇ ಬಂದ್ಬುಡ್ತು. ಅದೆಂಗೆ ಬಂತೋ ಕಾಣೆ."

ಕಲ್ಲಮ್ಮ ಕಾಫಿ ತಂದಳು. ಈ ಸಲ ಅವನು ಕುಡಿದ. ಅಧಿಕಾರಿಯನ್ನು ಇನ್ನೊಂದೇ ಒಂದು ಸಲ ಕರೆತರುತ್ತೇನೆ, ಕಾಲು ಹಿಡಿದಾದರೂ ಕರೆತರುತ್ತೇನೆ ಎಂದು ಎದ್ದು ಹೋದ.

ನನಗೆ ಸಂತೋಷವಾಗಿದೆ. ಊಟ ಮಾತ್ರ ಸೇರಲಿಲ್ಲ. ಹುರುಳಿ ಸಾರಿಗೆ ಉಪ್ಪು ಹೆಚ್ಚಾಗಿತ್ತು. ಇಲ್ಲವೇ ಇಲ್ಲ ಎನ್ನುತ್ತಾಳೆ ಕಲ್ಲಮ್ಮ.

೧೧ ಜನವರಿ ೧೯೮೦

ಕೊಬ್ಬರಿ ಹಾಕಲು ತಿಪಟೂರಿಗೆ ಹೋಗಿದ್ದೆವು. ಮಂಡಿಯವರು ಹೊಸ ಡೈರಿ ಕೊಟ್ಟರು. ಕಲ್ಲಮ್ಮನೂ ಬಂದಿದ್ದಳು, ರೈಲು ನೋಡಬೇಕು ಎಂದಳು. ಇಷ್ಟು ವರ್ಷ ತಿಪಟೂರಿಗೆ ಬಂದು ಹೋಗಿ ಮಾಡಿದ್ದಾಳೆ, ಸ್ಟೇಷನ್ ಒಳಗೆ ಕಾಲಿಟ್ಟಿಲ್ಲ ಎಂಬುದು ಇವತ್ತು ಗೊತ್ತಾಯಿತು. ನಾನೂ ಕೇಳಿದವನಲ್ಲ.

ಗೂಡ್ಸ್ ಗಾಡಿಗೆ ಕೊಬ್ಬರಿ ಮೂಟೆ ತುಂಬುತ್ತಿದ್ದರು. ಮೂಟೆಗಳ ಮೇಲೆಲ್ಲ ಕಪ್ಪು ಮಸಿಯಲ್ಲಿ ತಿಪಟೂರು, ತಿಪಟೂರು ಎಂದು ಅಚ್ಚು. ಅದರಲ್ಲಿ ನನ್ನ ಮೂಟೆ ಯಾವುದೋ ಒಂದು ಇರಬೇಕು. ಎಲ್ಲಿಗೆ ಹೋಗುತ್ತದೆ ಎಂದು ಹಮಾಲಿಯನ್ನು ಕೇಳಿದೆ. ದಿಲ್ಲಿಗೆ, ಅಲ್ಲಿಂದ ಮರಳುಗಾಡಿನ ಸೀಮೆಗೆ, ಅಲ್ಲಿ ಮದುವೆ ಹೆಣ್ಣಿನ ಮಡಿಲಿಗೆ ಹಾಕುತ್ತಾರಂತೆ ಎಂದ. ಅಪ್ಪನ ಸಾಲಿನ ಕಾಯಿ, ಅಪ್ಪ ಹೆಸರನ್ನೂ ಕೇಳಿರದ ಊರಿನ ಮದುವೆಮನೆಯಲ್ಲಿ! ನಾನು ಅರಸೀಕೆರೆಯಿಂದ ಆಚೆ ಹೋದವನಲ್ಲ.

ಎಂಜಿನ್ ಹೊರಟಾಗ ಕಾಲ ಕೆಳಗಿನ ಕಲ್ಲುಹಾಸು ನಡುಗಿತು. ಹೊಗೆ, ಕೆಂಡ, ಆ ಕೂಗು. ಒಂದರ ಹಿಂದೊಂದು ಡಬ್ಬಿ ಸರಿದು ಹೋಗುತ್ತಲೇ ಇತ್ತು, ಮುಗಿಯಲೊಲ್ಲದು. ಕಲ್ಲಮ್ಮ ನನ್ನ ತೋಳು ಹಿಡಿದುಕೊಂಡಳು. ಬೀದಿಯಲ್ಲಿ ಹಾಗೆ ಹಿಡಿದವಳಲ್ಲ ಅವಳು.

"ಇಂಥಾದು ನಮ್ ತೋಟದಾಗೆ ಬತ್ತಿತ್ತಾ ಕಣ್ರೀ?" ಎಂದಳು.

ಸಂಜೆಯವರೆಗೂ ಅಲ್ಲೇ ಬೆಂಚಿನ ಮೇಲೆ ಕೂತಿದ್ದು ಕೊನೇ ಬಸ್ಸು ತಪ್ಪಿತು, ಲಾರಿಯಲ್ಲಿ ಬಂದೆವು. ಕಾಲು ನೋಯುತ್ತಿತ್ತು, ಅದಕ್ಕೆ ಕೂತೆ.

೧೬ ಫೆಬ್ರವರಿ

ಗ್ರಹಣ. ಊರಿಗೆ ಊರೇ ಬಾಗಿಲು ಹಾಕಿಕೊಂಡಿತ್ತು. ಕಲ್ಲಮ್ಮ ನೀರಿಗೆ, ಉಪ್ಪಿನಕಾಯಿಗೆ ದರ್ಭೆ ಹಾಕಿ ದೇವರ ಮುಂದೆ ಕೂತಳು. ನಾನು ಹೊತ್ತು ಹೋಗದೆ ಅಟ್ಟ ಹತ್ತಿದೆ.

ಏನೆಂದು ಬರೆಯಲಿ? ಹಂಚಿನ ಸಂದುಗಳಿಂದ ಅಟ್ಟದೊಳಗೆ ಯಾವಾಗಲೂ ಬಿಸಿಲಿನ ದುಂಡು ಚುಕ್ಕಿಗಳು ಬೀಳುತ್ತವೆ. ಇವತ್ತು ಒಂದೂ ದುಂಡಗಿರಲಿಲ್ಲ. ಎಲ್ಲವೂ ಕುಡುಗೋಲಿನ ಹಾಗೆ ಬಾಗಿದ ಎಳೆ ಸೂರ್ಯಗಳು. ಕಾಯಿಗಳ ಮೇಲೆ, ಜಂತೆಯ ಮೇಲೆ, ನನ್ನ ಅಂಗೈಯ ಮೇಲೆ. ಅಟ್ಟದ ತುಂಬಾ ಸಣ್ಣ ಸಣ್ಣ ಸೂರ್ಯಗಳು ತೆಳ್ಳಗಾಗುತ್ತಾ ಹೋದವು. ನಮ್ಮಲ್ಲಿ ಪೂರ್ತಿ ಮುಚ್ಚಲಿಲ್ಲ. ಕೂದಲೆಳೆಯಷ್ಟು ಉಳಿದು, ಆಮೇಲೆ ಮೆಲ್ಲಗೆ ತುಂಬಿಕೊಂಡವು. ಹಕ್ಕಿಗಳೂ ಉಸಿರು ಬಿಗಿಹಿಡಿದಿದ್ದವು. ನಾನು ಕಾಯಿಗಳ ನಡುವೆ ಕೈ ಮುಗಿದು ಕೂತಿದ್ದೆ, ಯಾರಿಗೆ ಮುಗಿದೆನೋ.

ಕಲ್ಲಮ್ಮನನ್ನು ಬಾ ಬಾ ಎಂದು ಕರೆದೆ. ಗ್ರಹಣದಲ್ಲಿ ಏಣಿ ಹತ್ತುವುದಿಲ್ಲ ಎಂದಳು. ಅಂಥಾದ್ದನ್ನು ಒಬ್ಬನೇ ನೋಡಿದೆನಲ್ಲ ಎಂದು ಈಗಲೂ ಒಂಥರಾ ಬೇಜಾರು.

೨೧ ಫೆಬ್ರವರಿ

ಹಾಲಸ್ವಾಮಿ ಸಾಧಿಸಿಬಿಟ್ಟ. ವೇದಾಚಲಂ ಭಾನುವಾರ ಕೊನೆಯ ಸಲ ಬರುತ್ತಾರೆ. ಈ ಸಲ ಬಾಯಿಮಾತು ಬೇಡ, ಅಟ್ಟವನ್ನೇ ತೋರಿಸಿ ಎಂದಿದ್ದಾರಂತೆ. ಹಾಲಸ್ವಾಮಿ ಮನೆ ಮನೆಗೂ ಹೋಗಿ ಕೈ ಮುಗಿಯುತ್ತಿದ್ದಾನೆ. ಎಲ್ಲರೂ ನೋಡೋಣ ಎನ್ನುತ್ತಾರಂತೆ. ನೋಡೋಣ ಎಂದರೆ ಇಲ್ಲ ಎಂದೇ ಅರ್ಥ. ಅವನು ತನ್ನ ಅಟ್ಟವನ್ನೇ ಮೊದಲು ತೋರಿಸುತ್ತಾನಂತೆ. ಆದರೆ ಅವನ ರೈಲಿಗೆ ಅವನು ತೋರಿಸಿದರೆ ಅದರಲ್ಲಿ ವಿಶೇಷವೇನು, ಮಿಕ್ಕವರು ಯಾಕೆ ಹೊಸ ಸಂಪ್ರದಾಯ ಹಾಕಬೇಕು ಎಂದು ಊರು ಮಾತಾಡಿಕೊಳ್ಳುತ್ತಿದೆ.

ಎಲ್ಲರ ಮನೆಗೂ ಹೋದವನು ನಮ್ಮ ಮನೆಗೆ ಬರಲಿಲ್ಲ. ಬಾಗಿಲ ಮುಂದೆಯೇ ಹಾದು ಹೋದ. ನಾನೇ ಕೂಗಿ ನಿಲ್ಲಿಸಿ, ಏನಯ್ಯಾ, ನಮ್ಮ ಅಟ್ಟ ಲೆಕ್ಕಕ್ಕಿಲ್ಲವೋ ಎಂದೆ.

"ನಿಮ್ಮುನ್ನ ಯಾವ್ ಬಾಯಲ್ಲಿ ಕೇಳ್ಲಿ ಅಣ್ಣ? ಸಾಲು ಹೋಗಾದು ನಿಮ್ದು" ಎಂದ. "ನಿಮ್ದೊಂದು ಬುಟ್ಟು ಮಿಕ್ಕೋರ್ನ ಕೇಳ್ತೀನಿ."

ನನಗೆ ಬಂದ ಸಿಟ್ಟು ಹೇಳತೀರದು. ಊರೆಲ್ಲ ಒಂದು ತೂಕ, ನಾನೊಬ್ಬ ಬೇರೆಯೇ? ಕರುಣೆ ತೋರಿಸಿ ನನ್ನನ್ನು ಬಿಟ್ಟಿದ್ದಾನೆ ಇವನು!

೨೪ ಫೆಬ್ರವರಿ

ಎಲ್ಲವನ್ನೂ ಬರೆಯುತ್ತೇನೆ, ಒಂದೂ ಬಿಟ್ಟುಹೋಗಬಾರದು.

ಬೆಳಿಗ್ಗೆ ವೇದಾಚಲಂ ಬಂದು ಅರಳಿಕಟ್ಟೆಯ ಹತ್ತಿರ ನಿಂತರು. ಜನ ಸೇರಿದ್ದರು. ಹಾಲಸ್ವಾಮಿ ತನ್ನ ಮನೆಗೆ ಕರೆದುಕೊಂಡು ಹೋಗಿ ಅಟ್ಟ ತೋರಿಸಿ ಹೊರಗೆ ಬಂದ. ಮುಂದಿನ ಮನೆಯವರು ನೆಲ ನೋಡಿದರು. ಅದರ ಮುಂದಿನವರು ಬಾಗಿಲು ಅರ್ಧ ಸರಿಸಿಕೊಂಡರು. ಅವನು ಬೀದಿಯ ನಡುವೆ ಒಬ್ಬನೇ ಆಗಿಬಿಟ್ಟ. ಯಾವ ಮನೆಯನ್ನು ಕೇಳುವುದೆಂದು ತಿಳಿಯದೆ ಸುಮ್ಮನೆ ಸುತ್ತ ನೋಡುತ್ತಿದ್ದ.

ನಾನು ನಡುಮನೆಯಲ್ಲಿ ಅಟ್ಟದ ಬಾಯಿಗೆ ಏಣಿ ಹಾಕಿದೆ. ಕಲ್ಲಮ್ಮ ನೋಡಿದಳು. ಏಣಿಯ ಬುಡ ಹಿಡಿದುಕೊಂಡಳು. ಅಪ್ಪನ ಸಾಲು ಕಣ್ಣ ಮುಂದೆ ಬಂತು. ಅದೇ ಸಾಲಿನ ಕಾಯಿಗಳೇ ಮೇಲೆ ತುಂಬಿದ್ದವು. ಹೊರಗೆ ಹೋಗಿ, "ವೇದಾಚಲಂ ಅವ್ರೇ, ನಮ್ಮದು ನೋಡಿ ಬನ್ನಿ" ಎಂದೆ. ನನ್ನ ದನಿ ನನಗೇ ಬೇರೆಯವರದೆನ್ನಿಸಿತು.

ಅವರು ಬೂಟು ಕಳಚಿ, ಕಾಲು ತೊಳೆದುಕೊಂಡು ಹತ್ತಿದರು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ಮೇಲೆ ಹೋಗಿ ನಿಂತವರು ಹಾಗೇ ಕುಕ್ಕರಿಸಿ ಕೂತುಬಿಟ್ಟರು. ಹಂಚಿನ ಇಳಿಜಾರಿನವರೆಗೆ, ಮೂಲೆ ಮೂಲೆಗೂ, ಹೊಗೆಗೆ ಕಂದು ಬಣ್ಣಕ್ಕೆ ತಿರುಗಿದ ಕಾಯಿಗಳು. ಎಲ್ಲ ತೇಂಗಾಯಿಯೇ ಎಂದು ಪಿಸುದನಿಯಲ್ಲಿ ಕೇಳಿದರು. ಒಂದನ್ನು ಕೈಗೆ ಕೊಟ್ಟು ಕಿವಿಯ ಹತ್ತಿರ ಅಲ್ಲಾಡಿಸಿ ಎಂದೆ. ಲೊಡಲೊಡ ಎಂದಿತು. ಅವರು ನಕ್ಕರು. ದುರ್ಬೀನಿನಲ್ಲಿ ನಾನು ನೋಡಿದಾಗ ನನ್ನ ಮುಖವೂ ಹೀಗೇ ಇದ್ದಿರಬೇಕು.

ನಾವು ಇಳಿದು ಬರುವಷ್ಟರಲ್ಲಿ ಎದುರು ಮನೆಯಲ್ಲಿ ಏಣಿ ಹಾಕಿದ್ದರು. ಅದರ ಪಕ್ಕದಲ್ಲೂ. ಆಮೇಲೆ ಆ ಬೀದಿ, ಈ ಬೀದಿ. ನಾನೂ ಅಧಿಕಾರಿಯ ಹಿಂದೆ ಹತ್ತುತ್ತಾ ಇಳಿಯುತ್ತಾ ಹೋದೆ. ಹುಟ್ಟಿ ಬೆಳೆದ ಊರು, ಪಕ್ಕದ ಮನೆಯ ಅಟ್ಟವನ್ನು ಇವತ್ತೇ ಕಂಡದ್ದು. ಹರಕು ಪಂಚೆಯಲ್ಲಿ ಓಡಾಡುವ ದೊಡ್ಡರಂಗಯ್ಯನ ಅಟ್ಟದಲ್ಲಿ ಕಾಲಿಡಲು ಜಾಗವಿರಲಿಲ್ಲ. ನಮ್ಮ ತಲೆಯ ಮೇಲೆಯೇ ಇಂಥದೊಂದು ಊರು ಕತ್ತಲಲ್ಲಿ ಮಲಗಿತ್ತೇ ಎಂದು ದಂಗಾದೆ.

ಆಂಜನಪ್ಪನ ಮನೆ ಬಂತು. ಅವನು ಬಾಗಿಲಲ್ಲಿ ನಿಂತು ಬೆವರುತ್ತಿದ್ದ. ನಮ್ಮದು ಬೇಡ ಎಂದಿದ್ದರೆ ಯಾರೂ ಒತ್ತಾಯ ಮಾಡುತ್ತಿರಲಿಲ್ಲ. ಒಳಗೆ ಹೋಗಿ ಅವನೇ ಏಣಿ ತಂದು ಹಾಕಿದ. "ಇರಾದೇ ಇಷ್ಟು. ನೋಡ್ಕಳಿ" ಎಂದ. ಹತ್ತಿದೆವು. ಅಟ್ಟ ಬರಿದಾಗಿತ್ತು. ಮೂಲೆಯಲ್ಲಿ ಒಂದು ಚಿಕ್ಕ ಗುಪ್ಪೆ, ಅಷ್ಟೇ. ಜಂತೆ ನೆಟ್ಟಗಿತ್ತು.

ನಾನು ಎಷ್ಟು ಸಲ ಅವನ ಜಂತೆಯನ್ನು ಆಡಿಕೊಂಡಿದ್ದೆ. ಅಟ್ಟದ ಗುಟ್ಟು ತುಂಬಿದವರ ಐಶ್ವರ್ಯ ಕಾಯುವುದಕ್ಕೆ ಎಂದುಕೊಂಡಿದ್ದೆ. ಬರಿದಾದವರ ಮಾನವನ್ನೂ ಅದೇ ಕಾಯುತ್ತಿತ್ತು. ನಾವೆಲ್ಲ ತುಂಬಿದ್ದನ್ನು ತೋರಿಸಿದೆವು, ಅದೇನು ಮಹಾ? ಮಗಳ ಮದುವೆ ಎದುರಿಗಿಟ್ಟುಕೊಂಡು ಅವನು ಬರಿದಾದದ್ದನ್ನು ತೋರಿಸಿದ. ವೇದಾಚಲಂ ಆ ಗುಪ್ಪೆಯ ಮುಂದೆಯೂ ಅಷ್ಟೇ ಹೊತ್ತು ಕೂತು, ಅಷ್ಟೇ ಜೋಪಾನವಾಗಿ ಬರೆದುಕೊಂಡರು. ಇಳಿದ ಮೇಲೆ ಬೀದಿಯಲ್ಲಿ ಒಬ್ಬರೂ ಆಂಜನಪ್ಪನನ್ನು ಏನೂ ಕೇಳಲಿಲ್ಲ. ನನಗೆ ಕಣ್ಣು ತುಂಬಿ ಬಂತು, ಬರೆಯಲು ನಾಚಿಕೆಯೇನು.

ಹೊತ್ತು ಇಳಿಯಿತು. ಇನ್ನೂ ಅರ್ಧ ಊರು ಉಳಿದಿತ್ತು, ವೇದಾಚಲಂಗೆ ಮೊಣಕಾಲು ಮಡಚಲು ಆಗುತ್ತಿರಲಿಲ್ಲ. ಹಾಲಸ್ವಾಮಿ, "ನೋಡಕ್ಕಾಗ್ದಿದ್ರೆ ಕೇಳುಸ್ಕಳಿ ಸಾರ್" ಎಂದು, ಎಲ್ಲರೂ ಅವರವರ ಅಟ್ಟಕ್ಕೆ ಹತ್ತಿ ಕಾಯಿ ಅಲ್ಲಾಡಿಸಿ ಎಂದು ಕೂಗಿದ. ಸುದ್ದಿ ಕೇರಿಯಿಂದ ಕೇರಿಗೆ ಹೋಯಿತು. ಬೀದಿ ಖಾಲಿಯಾಯಿತು. ಅಧಿಕಾರಿ, ಹಾಲಸ್ವಾಮಿ, ನಾನು, ಕುರಿ ನಿಲ್ಲಿಸಿಕೊಂಡ ಚಿತ್ತಣ್ಣ, ಇಷ್ಟೇ ಜನ ಅರಳಿಕಟ್ಟೆಯ ಮುಂದೆ ಉಳಿದೆವು.

ಮೊದಲು ಒಂದು ಹಂಚಿನ ಕೆಳಗಿಂದ ಲೊಡಲೊಡ ಎಂದಿತು. ಆಮೇಲೆ ಇನ್ನೊಂದು. ಆಮೇಲೆ ಇಡೀ ಊರಿನ ಹಂಚುಗಳ ಕೆಳಗೆ ಒಂದೇ ಸಮನೆ ಸದ್ದು ಎದ್ದಿತು. ಏನೆಂದು ಹೇಳಲಿ ಅದನ್ನು? ಒಣ ಸದ್ದು, ದೂರದಿಂದ ಬಂದು ಹತ್ತಿರವಾಗಿ ನಮ್ಮನ್ನು ಸುತ್ತಿಕೊಂಡಿತು. ಕುರಿಗಳು ಒಂದನ್ನೊಂದು ಒತ್ತಿಕೊಂಡು ನಿಂತವು. ಚಿತ್ತಣ್ಣ ತಲೆಯ ಮೇಲಿನ ಕಂಬಳಿ ತೆಗೆದ. ಹಾಲಸ್ವಾಮಿ ಅಳುತ್ತಿದ್ದ. ವೇದಾಚಲಂ ಪುಸ್ತಕ ಮುಚ್ಚಿ ಕಣ್ಣೂ ಮುಚ್ಚಿಕೊಂಡರು. ಎಲ್ಲಕ್ಕಿಂತ ಜೋರಾಗಿ ಕೇಳಿಸಿದ್ದು ಆಂಜನಪ್ಪನ ಅಟ್ಟದಿಂದ. ನಮ್ಮ ಮನೆಯ ಕಡೆಯಿಂದಲೂ ಬರುತ್ತಿತ್ತು, ಕಲ್ಲಮ್ಮ ಏಣಿ ಹತ್ತಿದ್ದಳು.

ತಿಪಟೂರಿನಲ್ಲಿ ಕಾಲ ಕೆಳಗೆ ನೆಲ ನಡುಗಿತ್ತಲ್ಲ, ಇವತ್ತೂ ಹಾಗೇ ಆಯಿತು. ರೈಲು ಇನ್ನೂ ಬಂದೇ ಇಲ್ಲ.

೧೭ ಮಾರ್ಚ್

ಯುಗಾದಿ. ಬೇವು ಬೆಲ್ಲ ಆಯಿತು. ಉತ್ತರ ಬಂದಿಲ್ಲ.

ಪಡುವಣ ಬೇಲಿಯ ಪಕ್ಕ ಒಂದು ಸಾಲು ತೆಂಗಿನ ಸಸಿ ಇಡಲು ಗುಂಡಿ ತೆಗೆಸಿದೆ. ಜಾಗ ಸುಮ್ಮನೆ ಬಿದ್ದಿತ್ತು. ಸಸಿಗೆ ಅಪ್ಪನ ಸಾಲಿನ ಕಾಯನ್ನೇ ಆರಿಸಿದೆ, ಒಳ್ಳೆಯ ತಳಿ.

ನಮ್ಮ ಅಟ್ಟ ಬಹಳ ಭಾರವಾಗಿದೆ, ಜಂತೆಗೆ ಒಳ್ಳೆಯದಲ್ಲ. ಒಂದು ಗಾಡಿ ಕಾಯಿ ಆಂಜನಪ್ಪನ ಅಟ್ಟಕ್ಕೆ ಸಾಗಿಸಿದೆ. ಅಲ್ಲಿ ಜಾಗವಿದೆ, ಅಲ್ಲೇ ಇರಲಿ. ಬೀಗರಾಗುವವರು ಮೊನ್ನೆ ಬಂದು ಎಲೆ ಅಡಿಕೆ ಬದಲಾಯಿಸಿಕೊಂಡು ಹೋದರಂತೆ. ಅಟ್ಟ ತೋರಿಸಿದ ಕಥೆ ಅವರ ಊರಿಗೆ ಮೊದಲೇ ಮುಟ್ಟಿತ್ತು, ಅಂಥವರ ಮನೆಯ ಹೆಣ್ಣೇ ಬೇಕು ಎಂದರಂತೆ.

೨ ಜೂನ್

ಉತ್ತರ ಬಂದಿಲ್ಲ. ಹಾಲಸ್ವಾಮಿಯ ಅಂಗಡಿಯಲ್ಲಿ ಸ್ವಲ್ಪ ಹೊತ್ತು ಕೂತು ಬಂದೆ. ನಿನ್ನೆಯೂ ಕೂತಿದ್ದೆ.

೧೪ ಜುಲೈ

ಬಂತು. ಸರಕು ಇದೆ ಎಂದು ಒಪ್ಪಿದ್ದಾರಂತೆ. ವೇದಾಚಲಂ ನಮ್ಮ ಪರವಾಗಿ ಬಲವಾಗಿಯೇ ಬರೆದಿದ್ದರಂತೆ. ಆದರೆ ಗುಡ್ಡ ಕಡಿಯುವ ಖರ್ಚು ಮೂರು ಪಟ್ಟಾಗಿದೆ, ಆದ್ದರಿಂದ ಸದ್ಯಕ್ಕಿಲ್ಲ.

ಹಾಲಸ್ವಾಮಿ ಸುದ್ದಿಯನ್ನು ಮೊದಲು ನನಗೇ ತಂದ. ಸೈಕಲ್ ಹಿಡಿದುಕೊಂಡೇ ನಿಂತಿದ್ದ. ನಗಲು ನೋಡಿದ.

"ಹೋಗ್ಲಿ ಬುಡಿ. ನಿಮ್ಮಪ್ಪಾರ ಸಾಲು ಉಳೀತಲ್ಲ ಅಣ್ಣ" ಎಂದ.

ನಾನು ಅವನಿಗೆ ಬೈದುಬಿಟ್ಟೆ. ಸದ್ಯಕ್ಕಿಲ್ಲ ಎಂದರೆ ಇಲ್ಲ ಎಂದು ಓದಲು ನಿನಗೆ ಯಾವ ಮೇಷ್ಟ್ರು ಕಲಿಸಿದ್ದು, ನಾಳೆ ಬೆಳಿಗ್ಗೆ ಬಸ್ಸಿಗೆ ಇಬ್ಬರೂ ಬೆಂಗಳೂರಿಗೆ ಹೋಗೋಣ, ಮಾತಾಡುವುದನ್ನು ನನಗೆ ಬಿಡು ಎಂದೆ. ಅವನು ನನ್ನನ್ನೇ ನೋಡುತ್ತಾ ನಿಂತ. ಯಾಕೆ ಹಾಗೆ ನೋಡಿದನೋ.

೨೯ ಜುಲೈ

ಮಳೆ ಹದವಾಗಿದೆ, ತೋಟ ಉಳುಮೆ ಮಾಡಿಸಿದೆ. ಇನ್ನು ಆ ಗೂಟ ಕಿತ್ತು ಹಾಕಿ, ನೇಗಿಲಿಗೆ ಅಡ್ಡ ಬರುತ್ತವೆ ಎಂದು ಕಲ್ಲಮ್ಮ ಹೇಳಿದ್ದಳು. ಎತ್ತುಗಳನ್ನು ಸ್ವಲ್ಪ ಬಳಸಿ ಹೊಡೆದರೆ ಆಯಿತು, ಅಡ್ಡವೇನಿಲ್ಲ.

ಒಂದು ವರ್ಷದ ಬಿಸಿಲಿಗೆ ಗೂಟಗಳ ತಲೆ ಬಿಳಿಚಿಕೊಂಡಿದೆ. ಹಾಲಸ್ವಾಮಿಯ ಅಂಗಡಿಯಿಂದ ಸೈಕಲ್ಲಿಗೆ ಬಳಿಯುವ ಕೆಂಪು ಬಣ್ಣ ಒಂದು ಡಬ್ಬಿ ತಂದು ಎಲ್ಲಕ್ಕೂ ಹಚ್ಚಿದೆ. ಬಚ್ಚಲ ಮೂಲೆಯಲ್ಲಿದ್ದ ಸುಟ್ಟ ಗೂಟವನ್ನೂ ತಂದು ಅದರ ಜಾಗದಲ್ಲೇ, ಹೊಸದರ ಪಕ್ಕಕ್ಕೆ ನೆಟ್ಟೆ. ಅದಕ್ಕೆ ಎರಡು ಕೈ ಬಣ್ಣ ಬೇಕಾಯಿತು.

ಬುತ್ತಿ ತಂದ ಕಲ್ಲಮ್ಮ ಇದೇನು ಎಂದು ಕೇಳಿದಳು. ಮಳೆಗಾಲ, ಬಣ್ಣವಿಲ್ಲದಿದ್ದರೆ ಗೆದ್ದಲು ಹತ್ತುತ್ತದೆ ಎಂದೆ.